ಕರನಿರಾಕರಣೆಯ ನೆನಪು, ಕರಗಳ್ಳತನದ ನೆಪ

ಆರ್ಥಿಕ ವರ್ಷದ ಕೊನೆಯ ವಾರಗಳು ಹತ್ತಿರವಾದಂತೆ ಪುಣೆ ಮಹಾನಗರ ಪಾಲಿಕೆ ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ಉಪಾಯಕ್ಕೆ ಕೈಹಾಕಿದೆ. ಆಸ್ತಿ ತೆರಿಗೆಯನ್ನು ದೊಡ್ಡ ಮೊತ್ತದಲ್ಲಿ ಬಾಕಿ ಉಳಿಸಿಕೊಂಡವರ ಕಟ್ಟಡಗಳ ಮುಂದೆ ಬ್ಯಾಂಡಿನವರನ್ನು ನಿಲ್ಲಿಸಿ ವಾದ್ಯ ಬಾರಿಸುವುದೇ ಆ ಉಪಾಯ. ಮದುವೆಯ ಮೆರವಣಿಗೆಯಲ್ಲಿ ಕೇಳಬೇಕಾದ ಸದ್ದು ಬಾಕಿದಾರನ ಬಾಗಿಲಲ್ಲಿ ಕೇಳಿಸುತ್ತದೆ. ಬೀದಿಯ ಜನ ಹೊರಗೆ ಬಂದು ನೋಡುತ್ತಾರೆ. ನೋಟಿಸಿಗೆ ಬಗ್ಗದವನು ನಾಚಿಕೆಗಾದರೂ ಬಗ್ಗಿಯಾನು ಎಂಬುದು ಪಾಲಿಕೆಯ ಎಣಿಕೆ.

ಇದೇ ಪಶ್ಚಿಮ ಭಾರತದಲ್ಲಿ, ಅಂದಿನ ಮುಂಬಯಿ ಪ್ರಾಂತದ ಬಾರ್ಡೋಲಿಯಲ್ಲಿ, 1928ರಲ್ಲಿ ಬೇರೊಂದು ಬಗೆಯ ವಾದ್ಯ ಕೇಳಿಸುತ್ತಿತ್ತು. ಏರಿಸಿದ ಭೂಕಂದಾಯವನ್ನು ಕೊಡಲಾರೆವೆಂದು ರೈತರು ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಪಟ್ಟುಹಿಡಿದಿದ್ದರು. ಜಪ್ತಿಯ ಅಧಿಕಾರಿಗಳು ಊರ ಕಡೆ ಬರುವುದು ಕಂಡೊಡನೆ ಸ್ವಯಂಸೇವಕರು ನಗಾರಿ ಬಾರಿಸಿ, ಶಂಖ ಊದಿ ಎಚ್ಚರಿಸುತ್ತಿದ್ದರು. ಮನೆಗಳಿಗೆ ಬೀಗ ಬೀಳುತ್ತಿತ್ತು, ದನಕರುಗಳು ಒಳಸೇರುತ್ತಿದ್ದವು. ಅಂದಿನ ವಾದ್ಯ ಕರ ಕೊಡದವನ ಮಾನ ಕಾಯುತ್ತಿತ್ತು, ಇಂದಿನದು ಕರ ಕೊಡದವನ ಮಾನ ಕಳೆಯಲು ಬಂದಿದೆ. ಈ ಎರಡು ವಾದ್ಯಗಳ ನಡುವಣ ನೂರು ವರ್ಷಗಳಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಕರದ ಜಗಳದಿಂದ ಹುಟ್ಟಿದ ರಾಷ್ಟ್ರಗಳಿಗೆ ಆ ಹುಟ್ಟಿನ ಗುರುತು ಬೇಗನೆ ಅಳಿಸುವುದಿಲ್ಲ. ಅಮೆರಿಕದ ಬೋಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರಂದು 342 ಪೆಟ್ಟಿಗೆ ಚಹ ನೀರುಪಾಲಾಯಿತು. ಚಹ ದುಬಾರಿಯಾಯಿತೆಂದು ಆದ ಗಲಭೆ ಅದಲ್ಲ, ಆ ವರ್ಷದ ಕಾಯಿದೆಯಿಂದ ಚಹ ಅಗ್ಗವೇ ಆಗಿತ್ತು. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ತಮ್ಮ ಮೇಲೆ ಕರ ಹೇರಕೂಡದು ಎಂಬುದು ಅಲ್ಲಿನ ವಾದ. ಆದರೆ ಇಪ್ಪತ್ತೊಂದು ವರ್ಷ ಕಳೆದ ಮೇಲೆ, 1794ರಲ್ಲಿ, ಮದ್ಯದ ಮೇಲಿನ ಕರವನ್ನು ವಿರೋಧಿಸಿ ಪೆನ್ಸಿಲ್ವೇನಿಯದ ರೈತರು ಬಂಡೆದ್ದಾಗ ಸೈನ್ಯದೊಡನೆ ಹೊರಟವರು ಸ್ವಾತಂತ್ರ್ಯ ಸಮರದ ನಾಯಕ ಜಾರ್ಜ್ ವಾಷಿಂಗ್ಟನ್ನರೇ. ತಮ್ಮ ಪ್ರತಿನಿಧಿಗಳೇ ಕೂತು ಹಾಕಿದ ಕರಕ್ಕೆ ಬೋಸ್ಟನ್ನಿನ ವಾದ ಒಗ್ಗದೆಂಬುದು ಅವರ ನಿಲುವಾಗಿತ್ತು. ಹಾಗಿದ್ದೂ 2009ರಲ್ಲಿ ಆ ದೇಶದಲ್ಲಿ ಸರ್ಕಾರದ ಖರ್ಚು ಮತ್ತು ತೆರಿಗೆಗಳ ವಿರುದ್ಧ ಎದ್ದ ಚಳವಳಿ 'ಟೀ ಪಾರ್ಟಿ' ಎಂಬ ಹಳೆಯ ಹೆಸರನ್ನೇ ಹೊತ್ತಿತು. ಪ್ರಾತಿನಿಧ್ಯದ ಮಾತು ಹಿಂದೆ ಸರಿದು ಕರದ ಮೇಲಣ ಕೋಪವಷ್ಟೇ ಉಳಿದಿತ್ತು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿಯೂ ಉಪ್ಪಿನ ಕರ ಜನರನ್ನು ಹಿಂಡಿತ್ತು. 1789ರ ಕ್ರಾಂತಿಯವರು ಹೇರಿಕೆಯೆಂಬ ಅರ್ಥದ ಹಳೆಯ ಪದವನ್ನು ಬಿಟ್ಟು ಕರಕ್ಕೆ ಕೊಡುಗೆಯೆಂಬ ಅರ್ಥದ ಪದವನ್ನು ಬಳಕೆಗೆ ತಂದರು. ಸಾರ್ವಜನಿಕ ವೆಚ್ಚಕ್ಕೆ ಎಲ್ಲರ ಕೊಡುಗೆ ಅನಿವಾರ್ಯ, ಅದಕ್ಕೆ ನಾಗರಿಕರ ಒಪ್ಪಿಗೆ ಬೇಕು, ಅಧಿಕಾರಿಗಳಿಂದ ಲೆಕ್ಕ ಕೇಳುವ ಹಕ್ಕು ಸಮಾಜಕ್ಕಿದೆ ಎಂಬ ಮೂರು ಮಾತುಗಳನ್ನೂ ಅವರ ಹಕ್ಕುಗಳ ಘೋಷಣೆಯಲ್ಲಿ ಸೇರಿಸಿದರು. ಕರವನ್ನು ನಿರಾಕರಿಸುವ ಹಕ್ಕಿನ ಜೊತೆಗೆ ಕೊಡುವ ಹೊಣೆಯನ್ನೂ ಬರೆದಿಟ್ಟ ಕ್ರಾಂತಿ ಅದು.

ಭಾರತದ ಪಾಲಿಗೆ ಬಂದ ಬಳುವಳಿ ಯಾವುದು? ಪುಣೆ ಜಿಲ್ಲೆಯಿಂದಲೇ ಆರಂಭಿಸಬಹುದು. 1875ರ ಮೇ 12ರಂದು ಭೀಮಥಡಿ ತಾಲೂಕಿನ ಸುಪೆ ಗ್ರಾಮದ ಸಂತೆಯಲ್ಲಿ ರೈತರು ಲೇವಾದೇವಿಗಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಸುಟ್ಟರು. ಹೊರನೋಟಕ್ಕೆ ಅದು ಬಡ್ಡಿಯ ವಿರುದ್ಧದ ದಂಗೆ. ಆದರೆ ಗೊತ್ತಾದ ದಿನಕ್ಕೆ, ನಗದಿನಲ್ಲಿ, ಏರಿಸಿದ ದರದಲ್ಲಿ ಕಂದಾಯ ಕಟ್ಟಲೇಬೇಕೆಂಬ ಸರ್ಕಾರದ ಕಟ್ಟಳೆಯೇ ರೈತನನ್ನು ಸಾಹುಕಾರನ ಗದ್ದುಗೆಗೆ ಅಟ್ಟುತ್ತಿತ್ತು. ದಂಗೆಗೆ ಗುರಿಯಾದ ಮಾರವಾಡಿ ಮತ್ತು ಗುಜರಾತಿ ವರ್ತಕ ವರ್ಗಗಳಲ್ಲಿ ಜೈನರು ಗಣನೀಯವಾಗಿದ್ದರು ಎಂಬುದನ್ನು ಜೈನ ಓದುಗರು ಮರೆಯಬಾರದು. ಕ್ರೂರವಾದ ಕರ ಎರಡು ಸಮುದಾಯಗಳ ನಡುವೆ ಹೇಗೆ ಹಗೆ ಬಿತ್ತಬಲ್ಲದು ಎಂಬುದಕ್ಕೆ ಸುಪೆಯ ಬೂದಿಯೇ ಸಾಕ್ಷಿ.

ಇಪ್ಪತ್ತು ವರ್ಷಗಳ ಬಳಿಕ 1896ರ ಬರಗಾಲದಲ್ಲಿ ಬಾಲ ಗಂಗಾಧರ ತಿಲಕರು 'ಕೇಸರಿ'ಯ ಮೂಲಕವೂ ಪುಣೆ ಸಾರ್ವಜನಿಕ ಸಭೆಯ ಮೂಲಕವೂ ರೈತರಿಗೆ ಒಂದು ಸರಳ ಸಂಗತಿ ತಿಳಿಸಿದರು. ಬೆಳೆ ಹೋದಾಗ ಕಂದಾಯದ ವಿನಾಯಿತಿ ಸರ್ಕಾರದ ಬರಗಾಲ ಸಂಹಿತೆಯಲ್ಲೇ ಇದೆ, ಅದನ್ನು ಕೇಳಿ ಪಡೆಯಿರಿ, ಮನೆಮಾರು ಮಾರಿ ಕಂದಾಯ ಕಟ್ಟಬೇಡಿ ಎಂದು. ತಾನೇ ಬರೆದ ನಿಯಮವನ್ನು ಜನರಿಗೆ ಓದಿ ಹೇಳಿದ್ದಕ್ಕೆ ಸರ್ಕಾರ ಸಿಟ್ಟಾಯಿತು, 1897ರಲ್ಲಿ ಸಭೆಯ ಮಾನ್ಯತೆಯನ್ನು ಹಿಂತೆಗೆದುಕೊಂಡಿತು.

ಕನ್ನಡ ನಾಡಿನ ನೆನಪು ಇದಕ್ಕಿಂತಲೂ ಹಳೆಯದು. ಕೆನರಾ ಜಿಲ್ಲೆಯಲ್ಲಿ 1830–31ರಲ್ಲಿ ರೈತರು 'ಕೂಟ'ಗಳಲ್ಲಿ ಸೇರಿ ಕಂದಾಯ ಕೊಡಲು ನಿರಾಕರಿಸಿದರು. 1834ರಲ್ಲಿ ಕೊಡಗು ಕುಂಪನಿಯ ವಶವಾದ ಮೇಲೆ ಅಮರ–ಸುಳ್ಯ, ಪುತ್ತೂರು ಪ್ರದೇಶಗಳನ್ನು ಕೆನರಾಕ್ಕೆ ಸೇರಿಸಿ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿದಾಗ ಕಷ್ಟ ಹೆಚ್ಚಿತು. 1837ರ ಏಪ್ರಿಲ್‌ನಲ್ಲಿ ಬಂಡಾಯಗಾರರು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟರು. ಆ ಹೋರಾಟದಲ್ಲಿ ಸೇರಿ, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿದವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸ ಒಬ್ಬ. ಬಂಗರ ಮನೆತನ ತುಳುನಾಡಿನ ಪ್ರಸಿದ್ಧ ಜೈನ ಅರಸುಮನೆತನ. ಜೈನರೆಂದರೆ ಸರ್ಕಾರಕ್ಕೆ ಎದುರಾಡದ ವರ್ತಕರು ಎಂಬ ಸವಕಲು ಕಲ್ಪನೆಗೆ ಬಿಕರ್ನಕಟ್ಟೆಯಲ್ಲಿ ಉತ್ತರವಿದೆ.

ನೂರು ವರ್ಷಗಳ ಬಳಿಕ ಉತ್ತರ ಕನ್ನಡದ ಅಂಕೋಲ, ಸಿದ್ದಾಪುರಗಳ ಸರದಿ. 1930ರ ಉಪ್ಪಿನ ಸತ್ಯಾಗ್ರಹದ ಬೆನ್ನಿಗೆ ಅಲ್ಲಿ ಕರನಿರಾಕರಣೆ ನಡೆಯಿತು. ಹೊಲ, ತೋಟ, ಪಾತ್ರೆಪಡಗಗಳು ಜಪ್ತಿಯಾಗಿ ಹರಾಜಾದವು. ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯಾದ ಸೊತ್ತನ್ನು ಕೊಂಡವರ ಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು. ಉಪ್ಪಿನ ಕಾನೂನು ಮುರಿದ ಗಾಂಧೀಜಿ 1930ರ ಮೇ ತಿಂಗಳಿಂದ ಪುಣೆಯ ಯರವಡಾ ಸೆರೆಮನೆಯಲ್ಲಿದ್ದರು. ಉತ್ತರ ಕನ್ನಡದ ರೈತರು ಕಳೆದುಕೊಂಡ ಭೂಮಿ ಮರಳುವ ದಾರಿ ತೆರೆದದ್ದು 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ. ಅಷ್ಟು ವರ್ಷ ಆ ಕುಟುಂಬಗಳು ಕೂಲಿ ಮಾಡಿದವು, ನೆಂಟರ ಮನೆಗಳಲ್ಲಿ ಬದುಕಿದವು, ಆದರೆ ನಿಲುವು ಬಿಡಲಿಲ್ಲ.

ಹೀಗೆ ಕರವನ್ನು ಕೊಡದಿರುವುದೇ ದೇಶಭಕ್ತಿಯ ಅತ್ಯುಚ್ಚ ರೂಪವೆಂದು ಮೂರು ತಲೆಮಾರುಗಳು ಕಲಿತವು. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುನ್ನ, 1947ರಲ್ಲಿ, ಮಧ್ಯಂತರ ಸರ್ಕಾರ ಉಪ್ಪಿನ ತೆರಿಗೆಯನ್ನು ತೆಗೆದುಹಾಕಿತು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲು ಮಾಡಬಾರದು ಎಂದು ಸಂವಿಧಾನದ 265ನೇ ವಿಧಿ ಸಾರಿತು. ಕಾನೂನು ಮಾಡುವವರು ಇನ್ನು ಮೇಲೆ ಜನರೇ ಆರಿಸಿದವರು. ಆದರೆ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. 'ಸರ್ಕಾರ' ಎಂಬ ಪದ ಇಂದಿಗೂ ಹೊರಗಿನ ಯಾರನ್ನೋ ಸೂಚಿಸುತ್ತದೆ. ಭೂಕಂದಾಯದ ಕಹಿನೆನಪು ಎಷ್ಟು ಆಳವಾಗಿದೆಯೆಂದರೆ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಂದಿಗೂ ತಾಗಿಲ್ಲ. ದೊಡ್ಡ ಹಿಡುವಳಿಗಳ ಮೇಲೆ ತೆರಿಗೆ ಇರಲೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲಿ ಮಾಡಿದ ಶಿಫಾರಸು ಕಾಗದದಲ್ಲೇ ಉಳಿಯಿತು. ಬಡ ರೈತನನ್ನು ಕಾಯಬೇಕಾದ ವಿನಾಯಿತಿಯ ನೆರಳಿನಲ್ಲಿ ಬೇರೆ ಆದಾಯವನ್ನು 'ಕೃಷಿ'ಯೆಂದು ತೋರಿಸುವವರೂ ತಂಪಾಗಿ ಕೂತರು.

ತಪ್ಪು ಒಂದೇ ಕಡೆಯದ್ದಲ್ಲ. ಆದಾಯ ತೆರಿಗೆ ಈ ದೇಶಕ್ಕೆ ಬಂದದ್ದೇ 1860ರಲ್ಲಿ, 1857ರ ದಂಗೆಯನ್ನು ಅಡಗಿಸಿದ ಖರ್ಚಿನ ಹೊರೆ ಇಳಿಸಿಕೊಳ್ಳಲು. ಸ್ವತಂತ್ರ ಭಾರತದಲ್ಲಿಯೂ 1973–74ರ ಹೊತ್ತಿಗೆ ಅದರ ಅತಿ ಮೇಲಿನ ದರ ಅಧಿಭಾರ ಸೇರಿ ಶೇ. 97.75 ಮುಟ್ಟಿತ್ತು. ನೂರು ರೂಪಾಯಿಯ ಮೇಲ್ಗಳಿಕೆಯಲ್ಲಿ ಎರಡೂಕಾಲು ರೂಪಾಯಿ ಮಾತ್ರ ಬಿಡುವ ಕಾನೂನು ಪ್ರಾಮಾಣಿಕತೆಯನ್ನು ಬೆಳೆಸಲಾರದು. ಅದಕ್ಕೂ ಮುನ್ನ ಕಪ್ಪುಹಣವನ್ನು ಕುರಿತು ವರದಿಯಿತ್ತ ವಾಂಛೂ ಸಮಿತಿ ಅತಿಯಾದ ದರಗಳೇ ಕಳ್ಳತನದ ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳಿತ್ತು. ಆದರೆ ದರ ಇಳಿದು ದಶಕಗಳೇ ಆದವು, ಅಭ್ಯಾಸ ಇಳಿಯಲಿಲ್ಲ. 'ಬಿಲ್ ಬೇಕೋ, ಬೇಡವೋ' ಎಂಬ ಪ್ರಶ್ನೆ ಇಂದಿಗೂ ಅಂಗಡಿಯ ಕಟ್ಟೆಯ ಮೇಲೆ ಸಹಜವಾಗಿಯೇ ಕೇಳಿಸುತ್ತದೆ. ಮನೆ ಕೊಳ್ಳುವವನು ಎಷ್ಟು ಬಿಳಿ, ಎಷ್ಟು ಕಪ್ಪು ಎಂದು ವಿಚಾರಿಸುತ್ತಾನೆ. ಕೇಳಿದರೆ ಸಿಗುವ ಉತ್ತರ ಒಂದೇ: ಕೊಟ್ಟರೆ ರಾಜಕಾರಣಿಗಳು ತಿನ್ನುತ್ತಾರೆ. ಆ ಉತ್ತರಕ್ಕೆ ದಂಡಿಯ, ಬಾರ್ಡೋಲಿಯ ಪುಣ್ಯವನ್ನು ಲೇಪಿಸುವವರೂ ಇದ್ದಾರೆ.

ಈ ಲೇಪನ ಸಲ್ಲದು. ಅಂಕೋಲದ ರೈತ ತನ್ನ ಮನೆಯ ಅಂಗಳದಲ್ಲಿ ನಿಂತು, ಹೆಸರು ಹೇಳಿ, ಕೊಡುವುದಿಲ್ಲವೆಂದ. ಹೊಲ ಹೋಗುತ್ತದೆಂದು ತಿಳಿದೇ ಹೇಳಿದ, ಹೋದಾಗ ಸಹಿಸಿದ. ಎರಡು ಲೆಕ್ಕದ ಪುಸ್ತಕ ಇಡುವವನು ಯಾರ ಎದುರೂ ನಿಲ್ಲುವುದಿಲ್ಲ. ಅವನ ನಿರಾಕರಣೆ ಅವನ ಕಪಾಟಿನಲ್ಲಿದೆ, ಸಿಕ್ಕಿಬಿದ್ದರೆ ಕೈಮುಗಿಯುತ್ತಾನೆ. ಮೊದಲಿನವನು ಕಳೆದುಕೊಂಡದ್ದರಿಂದ ಊರು ಗೆದ್ದಿತು. ಎರಡನೆಯವನು ಗಳಿಸಿದ್ದರಿಂದ ಊರ ರಸ್ತೆ, ಶಾಲೆ, ಆಸ್ಪತ್ರೆಗಳು ಅಷ್ಟರಮಟ್ಟಿಗೆ ಬಡವಾದವು. ಅವನ ಪಾಲಿನ ಹೊರೆ ಸಂಬಳದಾರನ ಮೇಲೆ, ಸೋಪು ಬಿಸ್ಕತ್ತು ಕೊಳ್ಳುವಾಗ ತೆರಿಗೆ ಕೊಡುವ ಕೂಲಿಯವಳ ಮೇಲೆ ಬಿದ್ದಿತು.

ಜೈನರಿಗೆ ಈ ಭೇದ ಹೊಸದಾಗಿ ಹೇಳಬೇಕಾದದ್ದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸುತ್ತದೆ. ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು, ಅಳತೆ ತೂಕಗಳಲ್ಲಿ ಮೋಸ, ಕಲಬೆರಕೆ ಇವುಗಳ ಸಾಲಿನಲ್ಲೇ 'ವಿರುದ್ಧರಾಜ್ಯಾತಿಕ್ರಮ'ವೂ ಇದೆ. ರಾಜ್ಯದ ಕಟ್ಟುಪಾಡು ಮೀರಿ, ನ್ಯಾಯವಲ್ಲದ ದಾರಿಯಿಂದ ವಸ್ತುವನ್ನು ಪಡೆಯುವುದು ಅದರ ತಾತ್ಪರ್ಯ. ಇಂದಿನ ವ್ಯಾಖ್ಯಾನಕಾರರು ತೆರಿಗೆ ತಪ್ಪಿಸುವುದನ್ನೂ ಅದರಲ್ಲಿ ಸೇರಿಸುತ್ತಾರೆ. ಈರುಳ್ಳಿ ಬೆಳ್ಳುಳ್ಳಿಯ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಸದ ಮನೆಗಳಲ್ಲಿ ಈ ಅತಿಚಾರದ ಹೆಸರು ಎಷ್ಟು ಸಲ ಕೇಳಿಬರುತ್ತದೆ? ಹಾಗಾದರೆ ಲಕ್ಷ್ಮಪ್ಪ ಬಂಗರಸನೂ ಅಂಕೋಲದ ರೈತರೂ ಅತಿಚಾರಿಗಳೇ ಎಂದು ಯಾರಾದರೂ ಕೇಳಬಹುದು. ಚೌರ್ಯದ ಮರ್ಮ ಮರೆಮಾಚುವುದರಲ್ಲಿದೆ. ಎದುರು ನಿಂತು ಹೇಳಿದವನು, ದಂಡ ತೆತ್ತವನು, ಕೊಡದೆ ಉಳಿಸಿದ್ದರಿಂದ ಸಿರಿವಂತನಾಗದವನು ಕಳ್ಳನಾಗಲಾರ.

ಸ್ವಾತಂತ್ರ್ಯ ಪರಂಪರೆಯ ಇನ್ನೊಂದು ಅರ್ಧ ಪುಣೆಯಲ್ಲೇ ಬೆಳೆಯಿತು, ಆದರೆ ಅದರ ನೆನಪು ಮಸುಕಾಗಿದೆ. ಜೋತಿರಾವ್ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಎತ್ತಿದ ಪ್ರಶ್ನೆ ಕರದ ಖರ್ಚಿಗೆ ಸಂಬಂಧಿಸಿದ್ದು: ಕರ ಬರುವುದು ಬಹುಪಾಲು ದುಡಿಯುವ ರೈತರಿಂದ, ಆ ಹಣದ ಶಿಕ್ಷಣ ಸಿಗುವುದು ಮೇಲ್ವರ್ಗಗಳ ಮಕ್ಕಳಿಗೆ, ಇದು ಯಾವ ನ್ಯಾಯ? ಗೋಪಾಲಕೃಷ್ಣ ಗೋಖಲೆಯವರು 1902ರಲ್ಲಿ ವೈಸ್‌ರಾಯರ ಶಾಸನಸಭೆಯಲ್ಲಿ ಸರ್ಕಾರದ ಅಂಕಿಗಳಿಂದಲೇ ವಾದಿಸಿದರು. ಬಜೆಟ್ಟಿನ ಉಳಿತಾಯವೆಂಬುದು ಬಡವರಿಂದ ಅಗತ್ಯಕ್ಕಿಂತ ಹೆಚ್ಚು ಕಿತ್ತ ಹಣ, ಉಪ್ಪಿನ ಸುಂಕ ಇಳಿಸಬೇಕು ಎಂದರು. ಮರುವರ್ಷವೇ ಆ ಸುಂಕ ಇಳಿಯಿತು, ಆದಾಯ ತೆರಿಗೆಯ ವಿನಾಯಿತಿ ಮಿತಿ 500 ರೂಪಾಯಿಯಿಂದ 1000ಕ್ಕೆ ಏರಿತು. ಅದೇ ಗೋಖಲೆಯವರು 1911ರಲ್ಲಿ ತಂದ ಪ್ರಾಥಮಿಕ ಶಿಕ್ಷಣ ಮಸೂದೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಶಿಕ್ಷಣಕ್ಕಾಗಿ ವಿಶೇಷ ಕರ ಹಾಕುವ ಅಧಿಕಾರವನ್ನು ಕೋರಿದ್ದರು. ಉಪ್ಪಿನ ಮೇಲೆ ಕರ ಬೇಡ, ಶಾಲೆಗಾಗಿ ಬೇಕು. ಮಸೂದೆ 1912ರಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಆದರೆ ಕರವನ್ನು ಯಾರು ಕೊಡಬೇಕು, ಯಾವುದಕ್ಕೆ, ಯಾರ ಒಪ್ಪಿಗೆಯಿಂದ, ಯಾರಿಗೆ ಲೆಕ್ಕ ಎಂಬ ನಾಲ್ಕು ಪ್ರಶ್ನೆಗಳನ್ನು ಈ ನಗರ ದೇಶಕ್ಕೆ ಕಲಿಸಿತು.

ಆ ಪ್ರಶ್ನೆಗಳನ್ನು ಇಂದು ಯಾರು ಕೇಳುತ್ತಿದ್ದಾರೆ? ಪುಣೆ ಪಾಲಿಕೆಯ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಂದ ಮೂರು ವರ್ಷಕ್ಕೂ ಮೀರಿ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಯೇ ಬಜೆಟ್ ಮಾಡಿದರು, ತೆರಿಗೆ ವಸೂಲಾಯಿತು. ಬೆಂಗಳೂರಿನ ಪಾಲಿಕೆಯ ಸಭೆಯೂ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಸಿ ಹಾಗೆಯೇ ಖಾಲಿ ಬಿದ್ದಿತು. ಬೋಸ್ಟನ್ನಿನ ಮಾತು ನಿಜವಾಗಿ ಅನ್ವಯಿಸುವ ಸಂದರ್ಭವಿದು. ಆದರೆ ತೆರಿಗೆಯ ಬಗ್ಗೆ ದಿನವೂ ಗೊಣಗುವ ಮಧ್ಯಮವರ್ಗ ಪ್ರತಿನಿಧಿಗಳಿಲ್ಲದ ತೆರಿಗೆಯ ವಿಷಯದಲ್ಲಿ ಬಹುಮಟ್ಟಿಗೆ ಸುಮ್ಮನಿತ್ತು. ಬಹಿರಂಗ ಹೋರಾಟಕ್ಕೆ ಫಲವಿಲ್ಲವೆಂದಲ್ಲ. ಸ್ವಂತ ವಾಸದ ಮನೆಗಳಿಗೆ 1970ರಿಂದ ಸಿಗುತ್ತಿದ್ದ ಶೇ. 40ರ ರಿಯಾಯಿತಿ ನಿಂತಾಗ ಪುಣೆಯ ನಾಗರಿಕರು ಬೀದಿಯಲ್ಲೂ ಶಾಸನಸಭೆಯಲ್ಲೂ ಕೇಳಿ 2023ರಲ್ಲಿ ಅದನ್ನು ಮರಳಿ ಪಡೆದರು. ವಾರ್ಡಿನ ಕೆಲಸಗಳನ್ನು ನಾಗರಿಕರೇ ಸೂಚಿಸುವ ಸಹಭಾಗಿ ಬಜೆಟ್ ಪದ್ಧತಿಯೂ ಈ ಪಾಲಿಕೆಯಲ್ಲಿ 2006ರಿಂದ ಇದೆ. ಎಷ್ಟು ಮನೆಗಳು ಆ ಅರ್ಜಿಯನ್ನು ತುಂಬುತ್ತವೆ?

ಸಮಾಜ ತನ್ನ ಮನೆಯೊಳಗೂ ಒಮ್ಮೆ ನೋಡಿಕೊಳ್ಳಬೇಕು. ದೇಶದ ಆದಾಯ ತೆರಿಗೆಯ ಶೇ. 24ರಷ್ಟನ್ನು ಜೈನರೇ ಕೊಡುತ್ತಾರೆ ಎಂಬ ಮಾತು ಸಮ್ಮೇಳನಗಳ ವೇದಿಕೆಗಳಿಂದ ಮತ್ತೆ ಮತ್ತೆ ಕೇಳಿಬರುತ್ತದೆ. ಆದಾಯ ತೆರಿಗೆಯ ಅರ್ಜಿಯಲ್ಲಿ ಧರ್ಮ ಕೇಳುವ ಕಾಲಮ್ಮೇ ಇಲ್ಲದಿರುವಾಗ ಆ ಲೆಕ್ಕ ಯಾರು ತೆಗೆದರು? 2011ರ ಜನಗಣತಿಯಂತೆ 44.5 ಲಕ್ಷವಿರುವ ಸಮುದಾಯಕ್ಕೆ ಆಧಾರವಿಲ್ಲದ ಹೆಮ್ಮೆ ಬೇಕಿಲ್ಲ. ಅದರ ಬದಲು, ಪಂಚಕಲ್ಯಾಣಗಳಲ್ಲಿ, ಅಭಿಷೇಕದ ಬೋಲಿಗಳಲ್ಲಿ ಏರುವ ಮೊತ್ತಗಳಲ್ಲಿ ರಸೀದಿಯಿರುವುದೆಷ್ಟು ಎಂದು ಕೇಳುವ ಧೈರ್ಯ ಬೇಕು. ಅಚೌರ್ಯ ಮುರಿದು ಗಳಿಸಿದ್ದನ್ನು ಜಿನಬಿಂಬದ ಮುಂದೆ ಇಟ್ಟರೆ ಅದು ದಾನವಾಗುವುದಿಲ್ಲ.

ಮಾದರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನ ಜೈನ–ವೈಷ್ಣವ ಸಾಮರಸ್ಯಕ್ಕಾಗಿ ಪ್ರಸಿದ್ಧ. ಅದರಲ್ಲೇ ಕರದ ಒಂದು ಸುಂದರ ಏರ್ಪಾಡೂ ಇದೆ. ರಾಜ್ಯದ ಜೈನರು ತಮ್ಮ ಒಪ್ಪಿಗೆಯಿಂದ ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಅಂಗರಕ್ಷಕರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ವಸೂಲಿಯ ಹೊಣೆ ಹೊತ್ತವನು ತಿರುಮಲೆಯ ತಾತಯ್ಯನೆಂಬ ವೈಷ್ಣವ. ಯಾರು ಕೊಡಬೇಕು, ಎಷ್ಟು, ಯಾವುದಕ್ಕೆ, ಮಿಕ್ಕಿದ್ದು ಎಲ್ಲಿಗೆ ಎಂಬುದೆಲ್ಲ ಕಲ್ಲಿನ ಮೇಲಿದೆ, ಎಲ್ಲರೂ ಓದುವಂತೆ.

ಹೊರನಾಡಿನ ಜೈನ ಕುಟುಂಬಗಳು ಆರಂಭಿಸಬಹುದಾದ ಕೆಲಸ ದೊಡ್ಡದೇನಲ್ಲ. ಪ್ರತಿ ಬಸದಿಯ ಟ್ರಸ್ಟು, ಪ್ರತಿ ಸಮಾಜದ ಸಂಘ ತನ್ನ ಪರಿಶೋಧಿತ ಲೆಕ್ಕವನ್ನು ವರ್ಷಕ್ಕೊಮ್ಮೆ ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸಲಿ. ಬೋಲಿಯ ಹಣ ಬ್ಯಾಂಕಿನ ಮೂಲಕವೇ ಬರಲಿ. ಅಂಗಡಿಯವನು ಕೇಳದೆಯೇ ಬಿಲ್ ಕೊಡಲಿ, ಕೊಳ್ಳುವವನು ಕೇಳಿ ಪಡೆಯಲಿ. ಅನ್ಯಾಯದ ತೆರಿಗೆಯೆನಿಸಿದರೆ ಸಹಿ ಹಾಕಿ ವಿರೋಧಿಸಲಿ, ನ್ಯಾಯಾಲಯಕ್ಕೆ ಹೋಗಲಿ, ವಾರ್ಡಿನ ಸದಸ್ಯನನ್ನು ತಡೆದು ಲೆಕ್ಕ ಕೇಳಲಿ. ಪೂರ್ತಿ ತೆರಿಗೆ ಕೊಟ್ಟ ರಸೀದಿ ಕೈಯಲ್ಲಿರುವವನ ಪ್ರಶ್ನೆಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ, ಎರಡನೆಯ ಪುಸ್ತಕ ಬಚ್ಚಿಟ್ಟವನಿಗೆ ಆ ಪ್ರಶ್ನೆ ಕೇಳುವ ಧ್ವನಿಯೇ ಹೊರಡದು. ಸಿದ್ದಾಪುರದ ಹೆಂಗಸರು ಹಸಿದು ಕೂತು ಗಳಿಸಿಕೊಟ್ಟದ್ದು ಆ ಧ್ವನಿಯನ್ನು.